ದಾರಿ ತೆರೆದ ವೀರ: ಮೇಜರ್ ರಾಮ ರಾಘೋಬಾ ರಾಣೆ

ನಮ್ಮ ಆಲಂಕಾರಿಕರು ವೀರರನ್ನು ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರರೆಂದು ನಾಲ್ಕು ಬಗೆಯಾಗಿ ವಿಭಾಗಿಸಿರುವರು. ಇವರಲ್ಲಿ ಯುದ್ಧವೀರನೆಂದೊಡನೆ ಧನುಸ್ಸನ್ನು ಹೆದೆಯೇರಿಸಿ ಶತ್ರುವಿನ ಎದುರು ನಿಂತವನ ಮೂರ್ತಿಯೇ ಕಣ್ಣಿಗೆ ಕಟ್ಟುವುದು. ಆದರೆ ಸಮುದ್ರತೀರದಲ್ಲಿ ನಳನು ಸೇತುವನ್ನು ಕಟ್ಟದೆ ಇದ್ದಿದ್ದರೆ ಶ್ರೀರಾಮನ ಬಾಣಗಳೆಲ್ಲ ಬತ್ತಳಿಕೆಯಲ್ಲಿಯೇ ಉಳಿಯುತ್ತಿದ್ದವಲ್ಲವೆ? ಸೈನ್ಯಕ್ಕೆ ದಾರಿಯನ್ನು ಮಾಡಿಕೊಡುವವನ ಶೌರ್ಯವು ಹೊಡೆಯುವವನ ಶೌರ್ಯಕ್ಕಿಂತ ಕಡಿಮೆಯಾದುದಲ್ಲ. ಈ ಮಾತಿಗೆ ಕಾರವಾರ ಸೀಮೆಯ ರಾಮ ರಾಘೋಬಾ ರಾಣೆಯವರ ಚರಿತ್ರೆಗಿಂತ ಉತ್ತಮವಾದ ನಿದರ್ಶನವು ದೊರೆಯಲಾರದು.

ರಾಣೆಯವರು 1918ನೆಯ ಇಸವಿ ಜೂನ್ 26ರಂದು ಜನಿಸಿದರು. ಇವರ ಮನೆತನವು ಕಾರವಾರದ ಸಮೀಪದ ಚೆಂಡಿಯಾ ಗ್ರಾಮದ್ದು. ತಂದೆಯವರು ಪೋಲೀಸು ಇಲಾಖೆಯಲ್ಲಿ ಸಾಮಾನ್ಯ ಪೇದೆಯಾಗಿದ್ದರು. ಅವರಿಗೆ ಪದೇ ಪದೇ ವರ್ಗವಾಗುತ್ತಿದ್ದುದರಿಂದ ಬಾಲಕನ ವಿದ್ಯಾಭ್ಯಾಸವು ಊರಿಂದೂರಿಗೆ ಅಲೆಯುತ್ತ ಸಾಗಿತು. ಆ ಕಾಲದಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎರಡನೆಯ ಮಹಾಯುದ್ಧವು ನಡೆಯುತ್ತಿದ್ದ 1940ರ ಜುಲೈ 10ರಂದು ಇವರು ಬಾಂಬೆ ಎಂಜಿನಿಯರ್ಸ್ ಎಂಬ ಪಡೆಗೆ ಸೇರಿದರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಶತ್ರುವು ಹೂತಿಟ್ಟ ನೆಲಬಾಂಬುಗಳನ್ನು ಕಿತ್ತೆಸೆಯುವುದು, ಬೇಕಾದಾಗ ತಮ್ಮವರದನ್ನೇ ಸ್ಫೋಟಿಸಿ ನಾಶಪಡಿಸುವುದು - ಇದು ಈ ಪಡೆಯವರ ಕಾರ್ಯ. ನಳನ ಕುಲವೆಂದರೆ ಇದೇ. ಶಿಕ್ಷಣಕಾಲದಲ್ಲಿಯೇ ಅತ್ಯುತ್ತಮ ಸೈನಿಕನೆಂಬ ಮನ್ನಣೆಯು ಇವರಿಗೆ ದೊರಕಿತು.

ಮೊದಲ ಪರೀಕ್ಷೆಯು ಬ್ರಹ್ಮದೇಶದಲ್ಲಿ ಒದಗಿತು. ಬುಥಿಡಾಂಗ್ ಎಂಬಲ್ಲಿಂದ ಸೈನ್ಯವು ಹಿಂದೆಗೆಯುವಾಗ, ಜಪಾನೀಯರ ಕೈಗೆ ಸಿಕ್ಕಬಾರದ ಸಾಮಗ್ರಿಗಳನ್ನು ಹಾಳುಮಾಡುವ ಹೊಣೆಯನ್ನು ಹೊತ್ತು ರಾಣೆಯವರು ಎರಡು ತುಕಡಿಗಳೊಡನೆ ಹಿಂದುಳಿದರು. ಕೆಲಸವು ಮುಗಿದ ಮೇಲೆ ಇವರನ್ನು ಹಡಗಿನಲ್ಲಿ ಕರೆದೊಯ್ಯುವ ಏರ್ಪಾಡು ಕೈಗೂಡಲಿಲ್ಲ. ಶತ್ರುವಿನ ಕಾವಲಿದ್ದ ನದಿಯನ್ನು ತಾವಾಗಿಯೇ ದಾಟಿ ಇವರು ತಮ್ಮವರನ್ನು ಕೂಡಿಕೊಂಡರು. ಈ ಸಾಹಸಕ್ಕಾಗಿ ಹವಾಲ್ದಾರ್ ಪದವಿಯು ಲಭಿಸಿತು. ಸ್ವಾತಂತ್ರ್ಯ ಬಂದ ವರ್ಷದ ಕೊನೆಯಲ್ಲಿ, 1947ರ ಡಿಸೆಂಬರ್ 15ರಂದು, ಇವರು ಸೆಕೆಂಡ್ ಲೆಫ್ಟಿನೆಂಟರಾಗಿ ಅಧಿಕಾರಿವರ್ಗಕ್ಕೆ ಏರಿದರು.

ಆ ವೇಳೆಗೆ ಜಮ್ಮು-ಕಾಶ್ಮೀರದಲ್ಲಿ ಯುದ್ಧವು ಹೊತ್ತಿಕೊಂಡಿತ್ತು. 1947ರ ನವೆಂಬರಿನಲ್ಲಿ ರಾಜೌರಿ ಪಟ್ಟಣವು ಆಕ್ರಮಣಕಾರರ ವಶವಾಯಿತು; ಡಿಸೆಂಬರಿನಲ್ಲಿ ಝಂಗಡವೂ ಕೈಬಿಟ್ಟಿತು. 1948ರ ಮಾರ್ಚಿಯಲ್ಲಿ ಝಂಗಡವನ್ನು ಮರಳಿ ಗೆದ್ದ ಭಾರತ ಸೈನ್ಯವು ಏಪ್ರಿಲ್ 8ರಂದು ನೌಷೇರದಿಂದ ರಾಜೌರಿಯ ಕಡೆಗೆ ಹೊರಟಿತು. ರಸ್ತೆಯಾದರೋ ಬೆಟ್ಟಗಳನ್ನು ಸುತ್ತಿ ಹಾವಿನಂತೆ ಹೊರಳುವುದು. ಶತ್ರುವು ಅಡ್ಡಲಾಗಿ ಮರಗಳನ್ನು ಕೆಡವಿ, ಮೋರಿಗಳನ್ನು ಒಡೆದು, ನೆಲದಲ್ಲಿ ಬಾಂಬುಗಳನ್ನು ಹುದುಗಿಸಿ, ಮೇಲಿನ ದಿಣ್ಣೆಗಳಲ್ಲಿ ಮೆಷಿನ್ ಗನ್ನುಗಳನ್ನು ಹೂಡಿ ಕಾದಿದ್ದನು. ಟ್ಯಾಂಕುಗಳಿಗೆ ಈ ರಸ್ತೆಯ ಹೊರತು ಬೇರೆ ಗತಿಯಿರಲಿಲ್ಲ. ಹೀಗಾಗಿ ಇಡೀ ದಂಡಿನ ನಡಿಗೆಯು ಬೆರಳೆಣಿಕೆಯ ಸೈನಿಕರ ಕೈಗಳ ವೇಗವನ್ನೇ ಆಶ್ರಯಿಸಿತ್ತು. ಅವರ ನಾಯಕರೇ ರಾಣೆಯವರು. ವಯಸ್ಸು ಇಪ್ಪತ್ತೊಂಬತ್ತು, ಅಧಿಕಾರಿಯಾಗಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಏಪ್ರಿಲ್ 8ರ ಬೆಳಿಗ್ಗೆ 11 ಘಂಟೆಗೆ ಇವರ ತಂಡವು ಟ್ಯಾಂಕುಗಳ ಬಳಿ ಕೆಲಸಕ್ಕೆ ಸಿದ್ಧವಾಗಿ ನಿಂತಿರುವಾಗಲೇ ಮಾರ್ಟರ್ ಗುಂಡುಗಳ ಮಳೆಯು ಸುರಿಯಿತು. ಇಬ್ಬರು ಅಸುನೀಗಿದರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಇವರು ಹಿಂದಿರುಗಲಿಲ್ಲ. ಉಳಿದವರನ್ನು ಒಟ್ಟುಗೂಡಿಸಿ ಕೂಡಲೇ ಕೆಲಸಕ್ಕೆ ಕೈಹಾಕಿದರು. ಸಂಜೆ ಬಾರ್ವಾಲಿ ದಿಣ್ಣೆಯು ಡೋಗ್ರಾ ಪಡೆಯ ಕೈಸೇರಿತು. ಸುತ್ತಲೂ ಶತ್ರುಗಳು ಇನ್ನೂ ಅಡಗಿರುವರೆಂದು ಬಲ್ಲವರಾಗಿಯೂ ರಾಣೆಯವರು ಮುಂದೆ ಸಾಗಿ, ಅವರ ಕಣ್ಣೆದುರಿಗೇ ರಾತ್ರಿ 10 ಘಂಟೆಯವರೆಗೆ ಟ್ಯಾಂಕುಗಳಿಗಾಗಿ ಬಳಸುದಾರಿಯನ್ನು ಕಡಿಸಿದರು.

ಮರುದಿನ ಬೆಳಿಗ್ಗೆ 6 ಘಂಟೆಗೆ ಪುನಃ ಆರಂಭ. ಮಧ್ಯಾಹ್ನ 3 ಘಂಟೆಗೆ ದಾರಿಯು ಸಿದ್ಧವಾಯಿತು. ರಾಣೆಯವರು ಎಲ್ಲಕ್ಕೂ ಮುಂದಿನ ವಾಹನವನ್ನೇರಿ ನಡೆದರು. ಅರ್ಧ ಮೈಲು ಹೋಗುವಷ್ಟರಲ್ಲಿ ಪೈನ್ ಮರಗಳ ಅಡ್ಡಗಟ್ಟೆ, ಅದನ್ನು ಸಿಡಿಸಿದರು. ಮುನ್ನೂರು ಗಜ ಮುಂದೆ ಮತ್ತೊಂದು. ಅನಂತರ ಒಡೆದ ಮೋರಿ. ಕತ್ತಲು ಕವಿಯುವ ಹೊತ್ತಿಗೆ ಐದು ದೊಡ್ಡ ಪೈನ್ ಮರಗಳು, ಸುತ್ತಲೂ ನೆಲಬಾಂಬುಗಳು, ಮೇಲಿನಿಂದ ಗುಂಡಿನ ಸುರಿಮಳೆ. ದಂಡನಾಯಕನು ಸೈನ್ಯವನ್ನು ಬೀಡುಬಿಡಿಸಬೇಕಾಯಿತು. 10ರ ನಸುಕಿನಲ್ಲಿ ಮುಕ್ಕಾಲು ಮೀರಿದ ನಾಲ್ಕು ಘಂಟೆಗೇ ಎದ್ದು, ಆರೂವರೆಯೊಳಗೆ ರಾಣೆಯವರು ಅದನ್ನು ತೆರವು ಮಾಡಿದರು. ಮುಂದಿನ ಸಾವಿರ ಗಜವು ಅಡ್ಡಗಟ್ಟೆಗಳ ಸಾಲೇ ಆಗಿತ್ತು. ಹತ್ತೂವರೆಗೆ ಅದೂ ಮುಗಿಯಿತು. ಟ್ಯಾಂಕುಗಳು ತಾವೀ ನದಿಯ ಪಾತ್ರಕ್ಕೆ ಇಳಿದು ಮಧ್ಯಾಹ್ನ 2 ಘಂಟೆಗೆ ಚಿಂಗಸ್ ಸೇರಿದವು. ಅಷ್ಟಕ್ಕೇ ತಮ್ಮ ಕೆಲಸವು ತೀರಿತೆಂದು ಇವರು ಭಾವಿಸಲಿಲ್ಲ. ಹಿಂದೆ ಬರುವ ಅನ್ನ, ಮದ್ದುಗುಂಡುಗಳ ಗಾಡಿಗಳಿಗೆ ರಸ್ತೆಯೇ ಬೇಕಲ್ಲವೆ? ಉಣ್ಣದೆ, ವಿಶ್ರಮಿಸದೆ ರಾತ್ರಿ 9 ಘಂಟೆಯವರೆಗೂ ದುಡಿದರು. 11ರಂದು ಚಿಂಗಸಿನವರೆಗೆ ರಸ್ತೆಯು ತೆರೆಯಿತು. 12ರಂದು ರಾಜೌರಿಯು ಸೈನ್ಯದ ವಶವಾಯಿತು. ಐದು ತಿಂಗಳಿನಿಂದ ಕ್ರೌರ್ಯಕ್ಕೆ ಸಿಕ್ಕು ನರಳಿದ್ದ ಆ ಊರಿನ ಜನರಿಗೆ ಒಂದೊಂದು ದಿನದ ವಿಳಂಬವೂ ಪ್ರಾಣದ ಪ್ರಶ್ನೆಯಾಗಿತ್ತು.

ಇಲ್ಲಿ ವಿಚಾರಿಸಬೇಕಾದ ಅಂಶವೊಂದುಂಟು. ಕೈಯಲ್ಲಿ ಕೋವಿ ಹಿಡಿದವನಿಗೆ ಕೋಪವೂ ಒಂದು ಬಲ. ರಣಾವೇಶವು ಭಯವನ್ನು ಮರೆಯಿಸುವುದು. ನೆಲಬಾಂಬನ್ನು ಕೀಳುವವನಿಗಾದರೋ ಆವೇಶವೇ ಮೃತ್ಯು. ಆತನ ಎರಡು ಕೈಗಳೂ ಮಣ್ಣಿನಲ್ಲಿ ತೊಡಗಿರುವವು. ತಲೆಯ ಮೇಲೆ ಹಾರುವ ಗುಂಡಿಗೆ ಪ್ರತಿಯಾಗಿ ಹೊಡೆಯುವಂತಿಲ್ಲ, ಬೆರಳು ನಡುಗುವಂತಿಲ್ಲ. ನಾಲ್ಕು ದಿನಗಳ ಕಾಲ ಗಾಯಗೊಂಡ ದೇಹದಿಂದ ಇಂತಹ ಸಮಾಧಾನವನ್ನು ಕಾಯ್ದುಕೊಂಡುದು ಧೈರ್ಯವೆಂಬುದಕ್ಕಿಂತ ಸ್ಥಿತಪ್ರಜ್ಞತೆಯೆಂದರೇ ಸರಿಯಾದೀತು.

ರಾಷ್ಟ್ರವು ಇದನ್ನು ಮನಗಂಡು ರಾಣೆಯವರಿಗೆ ಪರಮವೀರ ಚಕ್ರವನ್ನಿತ್ತಿತು. ಆ ಯುದ್ಧದಲ್ಲಿ ಈ ಪದಕವನ್ನು ಪಡೆದವರು ಐವರು. ಮೂವರಿಗೆ ಅದು ಮರಣಾನಂತರ ಸಂದಿತು. ಬದುಕುಳಿದವರು ರಾಣೆಯವರು ಮತ್ತು ಲಾನ್ಸ್ ನಾಯಕ್ ಕರಮ್ ಸಿಂಗರು ಮಾತ್ರ. ಪದಕದ ಮೇಲೆ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳಿವೆ. ಆ ವಜ್ರವಾದುದು ದಧೀಚಿಯ ಎಲುಬಿನಿಂದ. ಋಷಿಯು ಯಾರನ್ನೂ ಹೊಡೆಯಲಿಲ್ಲ. ಹೊಡೆಯುವವರಿಗೆ ತನ್ನನ್ನೇ ಕೊಟ್ಟನು. ಆ ಚಿಹ್ನೆಯು ದಾರಿ ತೆರೆದವನ ಎದೆಗೆ ಎಷ್ಟು ಚೆನ್ನಾಗಿ ಒಪ್ಪುವುದು!

ರಾಣೆಯವರು ಮೇಜರ್ ಪದವಿಗೇರಿ 1968ರಲ್ಲಿ ನಿವೃತ್ತರಾದರು; 1994ರ ಜುಲೈ 11ರಂದು ಪುಣೆಯಲ್ಲಿ ಕಾಲವಶರಾದರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯು ನಿಂತಿದೆ. 2023ರಲ್ಲಿ ಅಂಡಮಾನಿನ ದ್ವೀಪವೊಂದಕ್ಕೂ ಅವರ ಹೆಸರನ್ನಿಡಲಾಯಿತು. ಪ್ರತಿಮೆಯ ಮುಂದೆ ಕೈಮುಗಿಯುವವರು ಏಪ್ರಿಲ್ 8ರ ಬೆಳಿಗ್ಗೆ ಅವರ ಪಕ್ಕದಲ್ಲಿಯೇ ಅಸುನೀಗಿದ ಆ ಇಬ್ಬರನ್ನೂ ಸ್ಮರಿಸುವುದು ಯುಕ್ತ. ಸೇತುವಿಗೆ ನಳನ ಹೆಸರು ನಿಂತಿತು. ಕಲ್ಲು ಹೊತ್ತ ವಾನರರು ಅನೇಕರು. ರಾಜೌರಿಯ ದಾರಿಯು ಅವರೆಲ್ಲರದು.