ಮರಗೆಲಸದ ಧೂಳು ಸಂಗ್ರಹಣಾ ವ್ಯವಸ್ಥೆಯಲ್ಲಿ ಸ್ಥಿರವಿದ್ಯುತ್ ನಿಯಂತ್ರಣ

ಮರಗೆಲಸದ ಕಾರ್ಯಾಗಾರಗಳಲ್ಲಿ ಗರಗಸ, ಪ್ಲೇನರ್, ಸ್ಯಾಂಡಿಂಗ್ ಯಂತ್ರ ಮೊದಲಾದವುಗಳಿಂದ ಹೊರಬೀಳುವ ಮರದ ಹುಡಿಯನ್ನು ಗಾಳಿಯ ಸೆಳೆತದಿಂದ ಒಯ್ದು ಒಂದೆಡೆ ಸಂಗ್ರಹಿಸುವ ಏರ್ಪಾಡಿಗೆ ಧೂಳು ಸಂಗ್ರಹಣಾ ವ್ಯವಸ್ಥೆ ಎನ್ನುತ್ತಾರೆ. ಈ ವ್ಯವಸ್ಥೆಯ ಕೊಳವೆ, ಫ್ಯಾನ್, ಫಿಲ್ಟರ್ ಮತ್ತು ಸಂಗ್ರಹ ಪಾತ್ರೆಗಳಲ್ಲಿ ವಿದ್ಯುದಾವೇಶ ಶೇಖರವಾಗದಂತೆ ಅಥವಾ ಶೇಖರವಾದ ಆವೇಶವು ಕಿಡಿಯಾಗದೆ ಭೂಮಿಗೆ ಹರಿದುಹೋಗುವಂತೆ ಮಾಡುವ ಕ್ರಮಗಳೇ ಸ್ಥಿರವಿದ್ಯುತ್ ನಿಯಂತ್ರಣ. ಲೋಹದ ಪ್ರತಿಯೊಂದು ಭಾಗಕ್ಕೂ ಭೂಸಂಪರ್ಕ ಕಲ್ಪಿಸುವುದು ಇದರ ಮುಖ್ಯ ತತ್ತ್ವ.

ಮರದ ಹುಡಿಯು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ವರ್ಗೀಕರಿಸಿದೆ. ಆದ್ದರಿಂದ ಸ್ಥಿರವಿದ್ಯುತ್ತಿನ ಭಯದಿಂದ ಧೂಳು ಸಂಗ್ರಹಣೆಯನ್ನೇ ಕೈಬಿಡುವುದು ಸರಿಯಾದ ಪರಿಹಾರವಲ್ಲ.

ಆವೇಶ ಉಂಟಾಗುವ ಬಗೆ

ಎರಡು ಭಿನ್ನ ವಸ್ತುಗಳು ಪರಸ್ಪರ ತಾಗಿ ಬೇರ್ಪಟ್ಟಾಗ ಒಂದರಿಂದ ಇನ್ನೊಂದಕ್ಕೆ ಎಲೆಕ್ಟ್ರಾನುಗಳು ವರ್ಗಾವಣೆಯಾಗುತ್ತವೆ. ಧೂಳು ಸಂಗ್ರಹಣಾ ಕೊಳವೆಗಳಲ್ಲಿ ಗಾಳಿಯ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 20 ಮೀಟರ್ ಇರುತ್ತದೆ. ಈ ವೇಗದಲ್ಲಿ ಸಾಗುವ ಅಸಂಖ್ಯ ಕಣಗಳು ಕೊಳವೆಯ ಗೋಡೆಗೆ ಪದೇಪದೇ ಬಡಿಯುವುದರಿಂದ ಕಣಗಳಲ್ಲೂ ಗೋಡೆಯಲ್ಲೂ ವಿರುದ್ಧ ಆವೇಶಗಳು ಉಂಟಾಗುತ್ತವೆ. ಲೋಹದ ಕೊಳವೆಗೆ ಭೂಸಂಪರ್ಕವಿದ್ದರೆ ಗೋಡೆಯ ಆವೇಶವು ಕೂಡಲೇ ಹರಿದುಹೋಗುತ್ತದೆ. ಪಿವಿಸಿಯಂತಹ ಪ್ಲಾಸ್ಟಿಕ್ ಅವಾಹಕವಾದುದರಿಂದ ಅದರ ಮೇಲಿನ ಆವೇಶವು ಉಂಟಾದ ಸ್ಥಳದಲ್ಲಿಯೇ ಉಳಿಯುತ್ತದೆ.

ಗಾಳಿಯಲ್ಲಿನ ತೇವಾಂಶವೂ ಪ್ರಭಾವ ಬೀರುತ್ತದೆ. ಆರ್ದ್ರತೆ ಹೆಚ್ಚಿದ್ದಾಗ ವಸ್ತುಗಳ ಮೇಲ್ಮೈಯಲ್ಲಿ ನೀರಿನ ತೆಳುಪದರ ಕುಳಿತು ಆವೇಶ ನಿಧಾನವಾಗಿ ಸೋರಿಹೋಗುತ್ತದೆ. ಒಣಹವೆಯಲ್ಲಿ ಈ ಸೋರಿಕೆ ಬಹಳ ಕಡಿಮೆ.

ಅಪಾಯಗಳು

ಮೊದಲನೆಯದು ವಿದ್ಯುತ್ ಆಘಾತ. ಇದು ತಾನಾಗಿ ಪ್ರಾಣಾಪಾಯಕಾರಿಯಲ್ಲ. ಆದರೆ ತಿರುಗುತ್ತಿರುವ ಗರಗಸದ ಬಳಿ ಕೆಲಸ ಮಾಡುತ್ತಿರುವವರು ಬೆಚ್ಚಿ ಕೈ ಎಳೆದುಕೊಂಡರೆ ಗಂಭೀರ ಗಾಯವಾಗಬಹುದು. ಎರಡನೆಯದು ಬೆಂಕಿ ಅಥವಾ ಧೂಳಿನ ಸ್ಫೋಟ.

ಧೂಳಿನ ಸ್ಫೋಟ ಸಂಭವಿಸಲು ಐದು ಅಂಶಗಳು ಒಟ್ಟುಗೂಡಬೇಕು: ಉರಿಯುವ ಹುಡಿ, ಆಮ್ಲಜನಕ, ಹುಡಿಯು ಗಾಳಿಯಲ್ಲಿ ಚದುರಿರುವಿಕೆ, ಮುಚ್ಚಿದ ಸ್ಥಳ ಮತ್ತು ಬೆಂಕಿ ಹೊತ್ತಿಸುವ ಮೂಲ. ಹುಡಿಯ ಸಾಂದ್ರತೆ ಘನ ಮೀಟರಿಗೆ ಹತ್ತಾರು ಗ್ರಾಂ ಇದ್ದರೆ ಮಾತ್ರ ಸ್ಫೋಟ ಸಾಧ್ಯ. ಸಣ್ಣ ಕಾರ್ಯಾಗಾರದ ಕೊಳವೆಗಳಲ್ಲಿ ಸಾಮಾನ್ಯ ಕೆಲಸದ ವೇಳೆ ಇಷ್ಟು ದಟ್ಟಣೆ ಇರುವುದಿಲ್ಲ. ಆದರೆ ಫಿಲ್ಟರ್ ಚೀಲವನ್ನು ಕೊಡವಿದಾಗ ಅಥವಾ ತೊಲೆಗಳ ಮೇಲೆ ಕುಳಿತ ಹುಡಿ ಒಮ್ಮೆಲೇ ಕದಡಿದಾಗ ಈ ಮಟ್ಟ ಉಂಟಾಗಬಹುದು.

ಕಿಡಿಯ ಶಕ್ತಿ

ಒಣಗಿದ ನುಣ್ಣನೆಯ ಮರದ ಹುಡಿಯ ಮೋಡವನ್ನು ಹೊತ್ತಿಸಲು ಸಾಮಾನ್ಯವಾಗಿ ಹತ್ತಾರು ಮಿಲಿಜೂಲ್ ಶಕ್ತಿ ಬೇಕು. ಮರದ ಜಾತಿ, ಕಣಗಳ ಗಾತ್ರ ಮತ್ತು ತೇವಾಂಶಕ್ಕೆ ತಕ್ಕಂತೆ ಇದು ಬದಲಾಗುತ್ತದೆ. ಪ್ಲಾಸ್ಟಿಕ್ ಮೇಲ್ಮೈಯಿಂದ ಹೊಮ್ಮುವ ಕುಂಚದಾಕಾರದ ವಿಸರ್ಜನೆಯ ಶಕ್ತಿ ಸುಮಾರು 4 ಮಿಲಿಜೂಲ್ ಮೀರುವುದಿಲ್ಲ. ಇದು ಮರದ ಹುಡಿಯನ್ನು ಹೊತ್ತಿಸುವ ಸಾಧ್ಯತೆ ಕಡಿಮೆ. ಆದರೆ ವಾರ್ನಿಷ್ ಮತ್ತು ತಿನ್ನರ್‌ಗಳ ಆವಿ 1 ಮಿಲಿಜೂಲ್‌ಗಿಂತ ಕಡಿಮೆ ಶಕ್ತಿಯಿಂದಲೂ ಹೊತ್ತಿಕೊಳ್ಳಬಲ್ಲದು.

ಭೂಸಂಪರ್ಕವಿಲ್ಲದೆ ಪ್ರತ್ಯೇಕಗೊಂಡಿರುವ ಲೋಹದ ಭಾಗದ ಸ್ಥಿತಿ ಬೇರೆ. ಅದು ಧಾರಕದಂತೆ ಆವೇಶವನ್ನು ಕೂಡಿಟ್ಟುಕೊಂಡು ಒಂದೇ ಕಿಡಿಯಲ್ಲಿ ಬಿಟ್ಟುಕೊಡುತ್ತದೆ. ಈ ಶಕ್ತಿಯು ಧಾರಕತೆ ಮತ್ತು ವಿಭವದ ವರ್ಗದ ಗುಣಲಬ್ಧದ ಅರ್ಧದಷ್ಟಿರುತ್ತದೆ. ಉದಾಹರಣೆಗೆ, 200 ಪಿಕೋಫ್ಯಾರಡ್ ಧಾರಕತೆಯ ಡ್ರಮ್ಮೊಂದು 20 ಕಿಲೋವೋಲ್ಟ್‌ಗೆ ಏರಿದರೆ ಅದರಲ್ಲಿ 40 ಮಿಲಿಜೂಲ್ ಶಕ್ತಿ ಇರುತ್ತದೆ. ಹಾಗಾಗಿ ಪ್ಲಾಸ್ಟಿಕ್ ಕೊಳವೆಗಿಂತ ಪ್ಲಾಸ್ಟಿಕ್ ಕೊಳವೆಗಳ ನಡುವೆ ಸಿಕ್ಕಿಕೊಂಡಿರುವ ಲೋಹದ ತುಣುಕು ಹೆಚ್ಚು ಅಪಾಯಕಾರಿ.

ನಿಯಂತ್ರಣ ಕ್ರಮಗಳು

ಲೋಹದ ಕೊಳವೆ: ಸತು ಲೇಪಿತ ಉಕ್ಕಿನ ಕೊಳವೆಗಳು ಇದಕ್ಕೆ ಸೂಕ್ತ. ಬಣ್ಣ, ರಬ್ಬರ್ ಗ್ಯಾಸ್ಕೆಟ್ ಮತ್ತು ಬಟ್ಟೆಯ ಜೋಡಣೆಗಳು ವಿದ್ಯುತ್ ಸಂಪರ್ಕವನ್ನು ಕಡಿದುಹಾಕುವುದರಿಂದ ಅಂತಹ ಪ್ರತಿ ಕೀಲಿಗೂ ಅಡ್ಡವಾಗಿ ತಾಮ್ರದ ತಂತಿ ಬಿಗಿಯಬೇಕು.

ಬಾಗುವ ಹೋಸ್: ಇದರೊಳಗಿನ ಸುರುಳಿ ಉಕ್ಕಿನ ತಂತಿಯು ಪ್ಲಾಸ್ಟಿಕ್‌ನಿಂದ ಮುಚ್ಚಿರುತ್ತದೆ. ಎರಡೂ ತುದಿಗಳಲ್ಲಿ ತಂತಿಯ ಹೊದಿಕೆಯನ್ನು ಸುಲಿದು ಒಂದು ತುದಿಯನ್ನು ಯಂತ್ರದ ಲೋಹಕ್ಕೂ ಇನ್ನೊಂದನ್ನು ಕೊಳವೆಗೂ ಜೋಡಿಸಬೇಕು. ಹಾಗೆ ಮಾಡದಿದ್ದರೆ ಆ ತಂತಿಯೇ ಪ್ರತ್ಯೇಕಗೊಂಡ ವಾಹಕವಾಗುತ್ತದೆ.

ಫಿಲ್ಟರ್ ಮತ್ತು ಡ್ರಮ್: ಫಿಲ್ಟರ್ ಚೀಲದ ಲೋಹದ ಬಳೆ, ಒಳಗಿನ ಪಂಜರ ಮತ್ತು ಹುಡಿ ಬೀಳುವ ಡ್ರಮ್ಮನ್ನು ಮುಖ್ಯ ಚೌಕಟ್ಟಿಗೆ ಜೋಡಿಸಬೇಕು. ದೊಡ್ಡ ಕಾರ್ಖಾನೆಗಳಲ್ಲಿ ವಾಹಕ ಎಳೆಗಳನ್ನು ನೇಯ್ದ ಫಿಲ್ಟರ್ ಬಟ್ಟೆಯನ್ನು ಬಳಸುತ್ತಾರೆ.

ಭೂಸಂಪರ್ಕ: ಚೌಕಟ್ಟಿಗೆ ಸಾಮಾನ್ಯವಾಗಿ ಯಂತ್ರದ ಮೂರು ಪಿನ್ನಿನ ಪ್ಲಗ್ ಮೂಲಕ ಭೂಸಂಪರ್ಕ ದೊರೆಯುತ್ತದೆ. ಆದ್ದರಿಂದ ಅರ್ಥ್ ಪಿನ್ನನ್ನು ತೆಗೆಯಬಾರದು; ಗೋಡೆಯ ಸಾಕೆಟ್ಟಿಗೆ ನಿಜವಾಗಿ ಅರ್ಥಿಂಗ್ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಸ್ಥಿರವಿದ್ಯುತ್ ಹರಿದುಹೋಗಲು 1 ಮೆಗಾಓಮ್‌ಗಿಂತ ಕಡಿಮೆ ರೋಧ ಸಾಕಾಗುತ್ತದೆ. ಆದರೆ ಪೂರ್ತಿ ಲೋಹದ ಮಾರ್ಗದಲ್ಲಿ 10 ಓಮ್‌ಗಿಂತ ಹೆಚ್ಚು ರೋಧ ಕಂಡುಬಂದರೆ ಎಲ್ಲೋ ಜೋಡಣೆ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ ಎಂದು ಭಾವಿಸಬೇಕು. ಮಲ್ಟಿಮೀಟರಿನಿಂದ ಇದನ್ನು ಅಳೆಯಬಹುದು.

ಪ್ಲಾಸ್ಟಿಕ್ ಕೊಳವೆಯ ಪ್ರಶ್ನೆ

ಅಗ್ಗವಾಗಿ ಸಿಗುವುದರಿಂದ ಸಣ್ಣ ಕಾರ್ಯಾಗಾರಗಳಲ್ಲಿ ಪಿವಿಸಿ ಕೊಳವೆಗಳ ಬಳಕೆ ಹೆಚ್ಚು. ಅವುಗಳ ಮೇಲೆ ತಾಮ್ರದ ತಂತಿ ಸುತ್ತಿ ಅರ್ಥ್ ಮಾಡಿದರೆ ಕೊಳವೆ ಸುರಕ್ಷಿತವಾಗುತ್ತದೆ ಎಂಬ ನಂಬಿಕೆಯಿದೆ. ಇದು ಭಾಗಶಃ ಮಾತ್ರ ನಿಜ. ಅವಾಹಕದಲ್ಲಿ ಆವೇಶವು ಚಲಿಸಲಾರದ ಕಾರಣ ತಂತಿಯು ತನ್ನ ಅಕ್ಕಪಕ್ಕದ ಆವೇಶವನ್ನಷ್ಟೇ ಸೆಳೆದುಕೊಳ್ಳುತ್ತದೆ. ಕೆಲಸಗಾರರಿಗೆ ತಗಲುವ ಆಘಾತ ಕಡಿಮೆಯಾಗುವುದು ಇದರ ಪ್ರಯೋಜನ. ಕೊಳವೆಯ ಒಳಗೆ ಎಳೆದ ತಂತಿಗೆ ಮರದ ಚಕ್ಕೆಗಳು ಸಿಕ್ಕಿಕೊಂಡು ಮಾರ್ಗ ಮುಚ್ಚಿಹೋಗುವ ಸಂಭವವಿದೆ.

ಪ್ಲಾಸ್ಟಿಕ್ ಕೊಳವೆಗೆ ಲೋಹದ ಹಾಳೆ ಹೊದಿಸುವುದು ಅಥವಾ ಲೋಹದ ಕೊಳವೆಗೆ ಒಳಗಿನಿಂದ ಪ್ಲಾಸ್ಟಿಕ್ ಲೇಪಿಸುವುದು ಸೂಕ್ತವಲ್ಲ. ತೆಳುವಾದ ಅವಾಹಕ ಪದರದ ಹಿಂದೆ ವಾಹಕವಿದ್ದಾಗ ಬಹಳಷ್ಟು ಆವೇಶ ಕೂಡಿಕೊಂಡು 1 ಜೂಲ್‌ವರೆಗಿನ ಶಕ್ತಿಯ ವ್ಯಾಪಕ ವಿಸರ್ಜನೆ ಉಂಟಾಗಬಹುದು. ಹೊಸದಾಗಿ ಅಳವಡಿಸುವಾಗ ಲೋಹದ ಕೊಳವೆಯನ್ನು ಅಥವಾ ವಾಹಕ ಗುಣವುಳ್ಳ ವಿಶೇಷ ಪ್ಲಾಸ್ಟಿಕ್ಕನ್ನು ಆರಿಸುವುದು ಉತ್ತಮ.

ಬೆಂಕಿಯ ಇತರ ಮೂಲಗಳು

ಸ್ಥಿರವಿದ್ಯುತ್ ಬೆಂಕಿಯ ಹಲವು ಮೂಲಗಳಲ್ಲಿ ಒಂದು ಮಾತ್ರ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರ ಜನವರಿಯಲ್ಲಿ ಬರ್ನ್ಸ್ ಲೇಕ್ ಬಳಿಯ ಮತ್ತು ಏಪ್ರಿಲ್‌ನಲ್ಲಿ ಪ್ರಿನ್ಸ್ ಜಾರ್ಜ್‌ನ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಧೂಳಿನ ಸ್ಫೋಟಗಳು ಸಂಭವಿಸಿ ತಲಾ ಇಬ್ಬರು ಮೃತಪಟ್ಟರು. ಈ ದುರಂತಗಳ ತನಿಖೆಯು ಗೇರ್ ಯಂತ್ರಭಾಗಗಳ ಘರ್ಷಣೆಯ ಶಾಖವನ್ನು ಸಂಭವನೀಯ ಮೂಲವೆಂದು ಗುರುತಿಸಿತು. ಮೊಳೆ ಅಥವಾ ತಿರುಪು ಫ್ಯಾನಿನ ರೆಕ್ಕೆಗೆ ಬಡಿಯುವುದು, ಬೇರಿಂಗ್ ಕಾಯುವುದು, ಸ್ಯಾಂಡಿಂಗ್ ವೇಳೆ ಹೊತ್ತಿದ ಕೆಂಡ ಸೆಳೆದುಹೋಗುವುದು ಇತರ ಮೂಲಗಳು. ಕಬ್ಬಿಣ ಉಜ್ಜಿದಾಗ ಹಾರುವ ಕಿಡಿಗಳನ್ನು ಮರದ ಹುಡಿಯ ಕೊಳವೆಗೆ ಬಿಡಬಾರದು. ಸಂಗ್ರಹ ಪಾತ್ರೆಯನ್ನು ಆಗಾಗ ಖಾಲಿ ಮಾಡುವುದು ಮತ್ತು ನೆಲ, ತೊಲೆ, ದೀಪಗಳ ಮೇಲಿನ ಹುಡಿಯನ್ನು ತೆಗೆಯುವುದು ಭೂಸಂಪರ್ಕದಷ್ಟೇ ಮುಖ್ಯ.

ಕಾನೂನು ಮತ್ತು ಮಾನಕಗಳು

ಭಾರತದ ಕಾರ್ಖಾನೆಗಳ ಕಾಯಿದೆ, 1948ರ 37ನೆಯ ಕಲಮು ಸ್ಫೋಟಕಾರಿ ಧೂಳು ಉಂಟಾಗುವಲ್ಲಿ ಯಂತ್ರವನ್ನು ಮುಚ್ಚುವುದು, ಧೂಳನ್ನು ತೆಗೆಯುವುದು ಅಥವಾ ಅದರ ಶೇಖರಣೆಯನ್ನು ತಡೆಯುವುದು ಮತ್ತು ಬೆಂಕಿಯ ಮೂಲಗಳನ್ನು ದೂರವಿಡುವುದನ್ನು ಕಡ್ಡಾಯಗೊಳಿಸಿತು. ಭೂಸಂಪರ್ಕದ ವಿಧಾನಗಳನ್ನು ಐಎಸ್ 3043 ಮಾನಕವು ವಿವರಿಸುತ್ತದೆ. ಅಮೆರಿಕದಲ್ಲಿ ಸ್ಥಿರವಿದ್ಯುತ್ತಿಗೆ ಎನ್‌ಎಫ್‌ಪಿಎ 77 ಮಾರ್ಗಸೂಚಿಯಿದೆ. ಮರಗೆಲಸದ ಕಾರ್ಖಾನೆಗಳಿಗೆ ಅನ್ವಯಿಸುತ್ತಿದ್ದ ಎನ್‌ಎಫ್‌ಪಿಎ 664 ಮಾನಕವನ್ನು ಇತರ ಧೂಳುಗಳ ಮಾನಕಗಳೊಡನೆ ಎನ್‌ಎಫ್‌ಪಿಎ 660ರಲ್ಲಿ ಸೇರಿಸಲಾಗಿದೆ.