ಆ್ಯಪ್ ಅನುವಾದ ಎಂದರೆ ಪದಕ್ಕೆ ಪದ ಇಟ್ಟರೆ ಸಾಕೇ? ಕಬೈಲ್ ಭಾಷೆಯ ಉದಾಹರಣೆ ನೋಡಿ

"ಇಂಗ್ಲಿಷ್ ಪದಗಳ ಪಟ್ಟಿ ತೆಗೆದುಕೊಳ್ಳಿ, ಪಕ್ಕದಲ್ಲಿ ನಮ್ಮ ಭಾಷೆಯ ಪದ ಬರೆಯಿರಿ, ಆ್ಯಪ್ ರೆಡಿ!" ಇಂಥ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಖಂಡಿತ ಅಲ್ಲ. ಯಾಕೆ ಅಲ್ಲ ಎಂದು ತಿಳಿಯಲು ನಾವು ಕಬೈಲ್ ಭಾಷೆಯನ್ನು ಆರಿಸಿಕೊಂಡಿದ್ದೇವೆ.

ಕಬೈಲ್ ಯಾರ ಭಾಷೆ?

ಅಲ್ಜೀರಿಯಾ ದೇಶದ ಉತ್ತರದಲ್ಲಿರುವ ಬೆಟ್ಟಸೀಮೆ ಕಬಿಲಿಯಾ. ತಿಝಿ ಉಝು, ಬೆಜಾಯಾ ಅಲ್ಲಿನ ದೊಡ್ಡ ಊರುಗಳು. ಅಲ್ಲಿಯ ಜನರ ಮನೆಮಾತು ಕಬೈಲ್. ಬರ್ಬರ್ ಅಥವಾ ತಮಝಿಘ್ತ್ ಎಂದು ಕರೆಯುವ ಭಾಷಾ ಬಳಗಕ್ಕೆ ಇದು ಸೇರುತ್ತದೆ. 1980ರಲ್ಲಿ ತಿಝಿ ಉಝು ವಿಶ್ವವಿದ್ಯಾಲಯದಲ್ಲಿ ಲೇಖಕ ಮುಲೂದ್ ಮಮ್ಮೆರಿ ಅವರು ಹಳೆಯ ಕಬೈಲ್ ಕಾವ್ಯದ ಬಗ್ಗೆ ಮಾತನಾಡಬೇಕಿತ್ತು. ಸರ್ಕಾರ ಆ ಉಪನ್ಯಾಸವನ್ನು ತಡೆಯಿತು, ಜನ ಬೀದಿಗಿಳಿದರು. ತಮಝಿಘ್ತ್‌ಗೆ ರಾಷ್ಟ್ರೀಯ ಭಾಷೆಯ ಸ್ಥಾನ ಸಿಕ್ಕಿದ್ದು 2002ರಲ್ಲಿ, ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ್ದು 2016ರಲ್ಲಿ. ಇಂದು ಸ್ವಯಂಸೇವಕರ ದುಡಿಮೆಯಿಂದ ಫೈರ್‌ಫಾಕ್ಸ್ ಬ್ರೌಸರ್ ಕಬೈಲ್‌ನಲ್ಲೂ ಸಿಗುತ್ತದೆ.

ಹಲವರು ಸೇರಿ ಅನುವಾದ ಮಾಡುವಾಗ ಎಲ್ಲರೂ ಒಂದೇ ರೀತಿ ಬರೆಯಬೇಕು. ಅದಕ್ಕಾಗಿ ಮೊದಲೇ ಒಪ್ಪಿಕೊಳ್ಳುವ ನಿಯಮಗಳೇ ಶೈಲಿ ಕೈಪಿಡಿ.

ನೋಡಲು ಒಂದೇ, ಕಂಪ್ಯೂಟರ್‌ಗೆ ಬೇರೆ

ಕಬೈಲ್ ಬರಹಕ್ಕೆ ಹೆಚ್ಚಾಗಿ ಬಳಸುವುದು ಲ್ಯಾಟಿನ್ ಲಿಪಿ. ಅದರಲ್ಲಿ ಗ್ರೀಕ್‌ನ ಗ್ಯಾಮಾ ಮತ್ತು ಎಪ್ಸಿಲಾನ್ ಆಕಾರದ ಎರಡು ಅಕ್ಷರಗಳಿವೆ. ಅವಕ್ಕೆ ಯೂನಿಕೋಡ್‌ನಲ್ಲಿ ಪ್ರತ್ಯೇಕ ಲ್ಯಾಟಿನ್ ರೂಪಗಳಿವೆ. ಆದರೆ ಹಳೆಯ ಫಾಂಟ್ ಮತ್ತು ಕೀಬೋರ್ಡ್‌ಗಳಲ್ಲಿ ಅವು ಸಿಗದಿದ್ದಾಗ ಜನ ಗ್ರೀಕ್ ಅಕ್ಷರವನ್ನೇ ಒತ್ತುತ್ತಿದ್ದರು. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಲ್ಯಾಟಿನ್ ಗ್ಯಾಮಾ ಎಂದರೆ 611ನೇ ಸಂಖ್ಯೆ, ಗ್ರೀಕ್ ಗ್ಯಾಮಾ ಎಂದರೆ 947ನೇ ಸಂಖ್ಯೆ. ಒಂದರಲ್ಲಿ ಬರೆದ ಪದವನ್ನು ಇನ್ನೊಂದರಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ಅಕಾರಾದಿ ಪಟ್ಟಿಯೂ ಅಡ್ಡಾದಿಡ್ಡಿಯಾಗುತ್ತದೆ.

ನಮ್ಮಲ್ಲೂ ಇದೇ ತೊಂದರೆ ಇದೆ. ಕನ್ನಡದ ಸೊನ್ನೆ ಅಂಕಿ (೦) ಮತ್ತು ಅನುಸ್ವಾರ (ಂ) ನೋಡಲು ಒಂದೇ, ಸಂಖ್ಯೆ ಬೇರೆ. ಅನುಸ್ವಾರದ ಜಾಗದಲ್ಲಿ ಅಂಕಿ ಒತ್ತಿದರೆ ಆ ಪದ ಹುಡುಕಾಟದಲ್ಲಿ ಕಾಣದೇ ಹೋಗಬಹುದು.

ಅಕ್ಷರದ ಕೆಳಗಿನ ಚುಕ್ಕಿಯನ್ನೂ ಬಿಡುವಂತಿಲ್ಲ. 'ಇಝಿ' ಎಂದರೆ ನೊಣ. ಝಕಾರದ ಅಕ್ಷರದ ಕೆಳಗೆ ಚುಕ್ಕಿ ಇಟ್ಟರೆ ಅದೇ ಪದ ಪಿತ್ತ ಎಂದಾಗುತ್ತದೆ!

ಜಾಗ ಬದಲಾದರೆ ಪದವೂ ಬದಲು

ಕಬೈಲ್‌ನಲ್ಲಿ ಫೈಲ್‌ಗೆ 'ಅಫಾಯ್ಲು' ಎನ್ನುತ್ತಾರೆ. 'ಫೈಲ್‌ನ ಹೆಸರು' ಎನ್ನಬೇಕಾದರೆ ಅದು 'ಇಸೆಮ್ ನ್ ಉಫಾಯ್ಲು'. ಪದದ ಮೊದಲ ಸ್ವರವೇ ಬದಲಾಯಿತು. ಹೀಗಾಗಿ ವಾಕ್ಯದ ನಡುವೆ ಖಾಲಿ ಜಾಗ ಬಿಟ್ಟು, ಆಮೇಲೆ ಯಾವುದೋ ಪದವನ್ನು ತಂದು ತುಂಬುವ ಸಾಫ್ಟ್‌ವೇರ್ ಪದ್ಧತಿ ಇಲ್ಲಿ ಕೈಕೊಡುತ್ತದೆ. ತುಂಡು ತುಂಡಾಗಿ ಅಲ್ಲ, ಪೂರ್ತಿ ವಾಕ್ಯವಾಗಿಯೇ ಅನುವಾದಿಸುವುದು ಸುರಕ್ಷಿತ. ಕನ್ನಡದ ಆ್ಯಪ್‌ಗಳಲ್ಲಿ "ಕಮಲ ಗೆ", "ಸುರೇಶ್ ಗೆ" ಎಂದು ವಿಭಕ್ತಿ ಬೇರೆಯಾಗಿ ನೇತಾಡುವುದಕ್ಕೂ ಇದೇ ಕಾರಣ.

ಓದುವವರು ಗಂಡೋ ಹೆಣ್ಣೋ?

'ತೆರೆ' ಎನ್ನಲು 'ಲ್ದಿ', 'ಅಳಿಸು' ಎನ್ನಲು 'ಕ್ಕೆಸ್'. ಒಬ್ಬರಿಗೆ ಹೇಳುವ ಈ ರೂಪ ಗಂಡಿಗೂ ಹೆಣ್ಣಿಗೂ ಒಂದೇ, ಆದ್ದರಿಂದ ಬಟನ್‌ಗೆ ಹೇಳಿ ಮಾಡಿಸಿದಂತಿದೆ. ಹಲವರಿಗೆ ಹೇಳುವಾಗ ಮಾತ್ರ ಗಂಡು ಹೆಣ್ಣಿನ ರೂಪ ಬೇರೆಯಾಗುತ್ತದೆ. 'ನಿನ್ನ' ಎನ್ನುವುದಂತೂ ಒಬ್ಬರಿಗೆ ಹೇಳುವಾಗಲೇ ಎರಡು ಬಗೆ: ಗಂಡಿಗಾದರೆ 'ಇಕ್', ಹೆಣ್ಣಿಗಾದರೆ 'ಇಮ್'. 'ನಿನ್ನ ಖಾತೆ' ಎಂದು ಬರೆದ ಕೂಡಲೇ ಓದುವವರಲ್ಲಿ ಅರ್ಧ ಜನ ಹೊರಗುಳಿಯುತ್ತಾರೆ. ಸಾಧ್ಯವಿದ್ದಲ್ಲಿ ಬರೀ 'ಖಾತೆ' ಎನ್ನುವುದು ಒಂದು ಉಪಾಯ.

ಹೊಸ ಪದವೋ, ಆಡುಮಾತೋ?

ಮಾತಿನಲ್ಲಿ ಕಬೈಲ್ ಜನ ಫ್ರೆಂಚ್ ಮತ್ತು ಅರಬ್ಬಿ ಪದಗಳನ್ನು ಧಾರಾಳವಾಗಿ ಬಳಸುತ್ತಾರೆ. ಇನ್ನೊಂದೆಡೆ, ಮಮ್ಮೆರಿ ಬಳಗ ಸಿದ್ಧಪಡಿಸಿ 1980ರಲ್ಲಿ ಪ್ರಕಟವಾದ 'ಅಮಾವಲ್' ಪದಕೋಶ ಅನೇಕ ಹೊಸ ಪದಗಳನ್ನು ಕೊಟ್ಟಿತು. ಕಂಪ್ಯೂಟರ್‌ಗೆ ಇಂದು 'ಅಸೆಲ್ಕಿಮ್' ಎಂಬ ಪದವಿದೆ. ನಮ್ಮ 'ಗಣಕಯಂತ್ರ' ಮತ್ತು 'ಕಂಪ್ಯೂಟರ್' ಜಗಳದಂತೆಯೇ ಇದು. ಯಾವುದನ್ನೇ ಆರಿಸಿ, ಎಲ್ಲ ಕಡೆ ಅದನ್ನೇ ಬಳಸಬೇಕು. ಒಂದು ಪರದೆಯಲ್ಲಿ ಒಂದು ಪದ, ಮುಂದಿನದರಲ್ಲಿ ಇನ್ನೊಂದು ಇದ್ದರೆ ಬಳಸುವವರು ಬೇಸತ್ತು ಫ್ರೆಂಚ್‌ಗೇ ಮರಳುತ್ತಾರೆ.

ನಮ್ಮ ತೀರ್ಮಾನ

ಪದಕ್ಕೆ ಪದ ಇಟ್ಟರೆ ಆ್ಯಪ್ ಅನುವಾದ ಆಗುತ್ತದೆ ಎಂಬುದು ತಪ್ಪು ಕಲ್ಪನೆ. ಇಂದು ನೆಟ್‌ನಲ್ಲಿ ಇರುವ ಬರಹದಿಂದಲೇ ಯಂತ್ರಗಳೂ ಭಾಷೆ ಕಲಿಯುತ್ತವೆ. ಬರಹ ಕಡಿಮೆ ಇರುವ ಭಾಷೆಯಲ್ಲಿ ಪ್ರತಿ ತಪ್ಪಕ್ಷರಕ್ಕೂ ತೂಕ ಹೆಚ್ಚು. ಹಾಗಾಗಿ ಕನ್ನಡದಲ್ಲಿ ಟೈಪ್ ಮಾಡುವಾಗ ನೀವು ಒತ್ತಿದ್ದು ಅನುಸ್ವಾರವೋ ಸೊನ್ನೆಯೋ ಎಂದು ಒಮ್ಮೆ ನೋಡಿ, ಆಮೇಲೆ ಫಾರ್ವರ್ಡ್ ಮಾಡಿ.