ಚದುರಿದ ಚಿತ್ರಗಳ ಜಾಡು

ಇಂಗ್ಲೆಂಡಿನ ಭಾವಚಿತ್ರಕಾರ ಸರ್ ಥಾಮಸ್ ಲಾರೆನ್ಸ್, ಸಾಲದ ಹೊರೆಯಿದ್ದರೂ ಮೈಕೆಲೇಂಜೆಲೊ, ರಾಫೆಲ್, ರೆಂಬ್ರಾಂಟ್ ಮೊದಲಾದ ಮಹಾಕಲಾವಿದರ ರೇಖಾಚಿತ್ರಗಳನ್ನು ಅಪಾರವಾಗಿ ಸಂಗ್ರಹಿಸಿದ್ದನು. 1830ರಲ್ಲಿ ಆತನು ತೀರಿಕೊಂಡಾಗ, ಉಯಿಲಿನಂತೆ ಅವುಗಳನ್ನು 18,000 ಪೌಂಡುಗಳಿಗೆ ಮೊದಲು ದೊರೆಗೆ, ಅನಂತರ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಡಲು ಮುಂದಾದರು. ಇಬ್ಬರೂ ಕೊಳ್ಳಲಿಲ್ಲ. ಕಡೆಗೆ ವ್ಯಾಪಾರಿ ಸ್ಯಾಮ್ಯುಯೆಲ್ ವುಡ್‌ಬರ್ನ್ ಕೊಂಡು, 1835-36ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿ, ಭಾಗಭಾಗವಾಗಿ ಮಾರಿದನು. ಮೈಕೆಲೇಂಜೆಲೊ, ರಾಫೆಲರ ಅನೇಕ ಹಾಳೆಗಳು 1840ರ ದಶಕದಲ್ಲಿ ವಂತಿಗೆಯ ಹಣದಿಂದ ಆಕ್ಸ್‌ಫರ್ಡ್ ಸೇರಿದವು. ಉಳಿದವು ದೇಶದೇಶಗಳಿಗೆ ಚದುರಿದವು.

ಚದುರಿದುದನ್ನು ಮತ್ತೆ ಕೂಡಿಸುವುದೆಂತು? ಹಾಳೆಯ ಮೂಲೆಯಲ್ಲಿ ಶಾಯಿಯಿಲ್ಲದೆ ಒತ್ತಿದ ‘ಟಿ.ಎಲ್.’ ಎಂಬ ಪುಟ್ಟ ಮುದ್ರೆಯೇ ಮೊದಲ ಸುಳಿವು. ಇಂತಹ ಸಂಗ್ರಾಹಕರ ಮುದ್ರೆಗಳನ್ನು ಫ್ರಿಟ್ಸ್ ಲುಗ್ಟ್ 1921ರಲ್ಲಿ ಗ್ರಂಥರೂಪಕ್ಕೆ ತಂದನು. ಮುದ್ರೆಯನ್ನು ಹಳೆಯ ಪ್ರದರ್ಶನ ಹಾಗೂ ಹರಾಜಿನ ಪಟ್ಟಿಗಳೊಡನೆ ಹೋಲಿಸಿ, ವಿದ್ವಾಂಸರು ಒಂದೊಂದೇ ಹಾಳೆಯ ಜಾಡು ಹಿಡಿಯುತ್ತಾರೆ.

ಇತಿಹಾಸ ಬೋಧಿಸಿದ ನನಗೆ ಇದರಲ್ಲಿ ಕಾಣುವ ಪಾಠವೊಂದಿದೆ. ಅಲ್ಲಿ ಕಳೆದುಹೋದದ್ದು ಚಿತ್ರಗಳಿಗಿಂತ ಹೆಚ್ಚಾಗಿ ಅವುಗಳ ಸಾಂಗತ್ಯ. ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ನೋಡಿದಾಗ ಮಾತ್ರ ಹೊಳೆಯುವ ಅರ್ಥ ಅದು. ಅದನ್ನು ಮರಳಿ ದೊರಕಿಸುತ್ತಿರುವುದು ಯಾರೋ ಶ್ರದ್ಧೆಯಿಂದ ಬರೆದಿಟ್ಟ ಪಟ್ಟಿಗಳು. ಆದುದರಿಂದ, ಮನೆಯ ಹಳೆಯ ಪತ್ರ, ಪಟಗಳನ್ನು ಹಂಚಿಕೊಳ್ಳುವ ಮುನ್ನ ನೀವೂ ಒಂದು ಪಟ್ಟಿ ಬರೆದಿಡಿ.